ಆರು ತಂತಿ, ಎಂಟು ಸೂಜಿ

ಕಡೂರಿನಲ್ಲಿ ರೈಲು ಹತ್ತಿ, ಚೀಲ ಮೇಲಿಟ್ಟು, ಕಿಟಕಿ ಪಕ್ಕದವರ ಜೊತೆ ಎರಡು ಮಾತಾಡುವಷ್ಟರಲ್ಲಿ ಬೀರೂರು ಬಂದುಬಿಡುತ್ತದೆ. ಅಲ್ಲಿ ಹಳಿ ಎರಡಾಗುತ್ತದೆ. ಒಂದು ಕವಲು ಅಜ್ಜಂಪುರ, ಶಿವನಿ ದಾಟಿ ಚಿಕ್ಕಜಾಜೂರು, ದಾವಣಗೆರೆ, ಹರಿಹರದ ಕಡೆಗೆ. ಇನ್ನೊಂದು ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗಕ್ಕೆ. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಕಾಗದದ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದರೆ ಕವೆಗೋಲಿನಂಥ ಆಕಾರ ಬರುತ್ತದೆ. ಬೀರೂರು ಆ ಕವೆಯ ಸಂದು.

ನಮ್ಮ ಮನೆಯ ಅಟ್ಟದ ಮೇಲೆ ಈ ಕವೆಗೋಲನ್ನು ಪ್ಲೈವುಡ್ ಹಲಗೆಯಲ್ಲಿ ಕಟ್ಟಲು ಹೊರಟು ಮೂರು ವರ್ಷವಾಯಿತು. ಮೂರು ಪುಟ್ಟ ಸ್ಟೇಷನ್ನು, ಒಂದು ಜಂಕ್ಷನ್ನು, ಅದರ ಮೇಲೆ ಓಡಲು ಒಂದು ಉಗಿಯೆಂಜಿನ್ನು. ಇದು ನನ್ನ ಹುಚ್ಚು ಎಂದು ಮನೆಯವರು ಹೇಳಿದರೂ ಮೂಲ ಹುಚ್ಚು ನನ್ನ ಸೋದರಮಾವನದು. ಅವರು ಮೀಟರ್‌ಗೇಜಿನ ಕಾಲದಲ್ಲಿ ಫೈರ್‌ಮನ್ ಆಗಿ ಕಲ್ಲಿದ್ದಲು ಎಸೆದವರು. ಈಗ ಎಂಬತ್ತರ ಹತ್ತಿರ. ಕೈ ಸ್ವಲ್ಪ ನಡುಗುತ್ತದೆ, ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾಗಿದೆ, ಇನ್ನೊಂದಕ್ಕೆ ಒಪ್ಪುತ್ತಿಲ್ಲ. 'ವೈಪಿ ಎಂಜಿನ್ನು ಬೀರೂರು ಬಿಡೋದನ್ನ ಇನ್ನೊಂದ್ ಸಲ ನೋಡ್ಬೇಕು ಕಣೋ, ಆಟದ್ದಾದ್ರೂ ಸರಿ' ಎಂದು ಅವರು ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದೇ ಈ ಎಲ್ಲಕ್ಕೂ ಕಾರಣ.

ವೈಪಿ ಎಂದರೆ ಗೊತ್ತಿಲ್ಲದವರಿಗಾಗಿ ಒಂದು ಮಾತು. 'ವೈ' ಮೀಟರ್‌ಗೇಜಿಗೆ, 'ಪಿ' ಪ್ಯಾಸೆಂಜರಿಗೆ. 1949ರಿಂದ 1970ರವರೆಗೆ ಇಂಥ 871 ಎಂಜಿನ್ನುಗಳು ತಯಾರಾದವು. ಮೊದಲಿನವು ಹೊರದೇಶಗಳಿಂದ ಬಂದವು, ಆಮೇಲಿನವನ್ನು ಜಮ್‌ಶೆಡ್‌ಪುರದ ಟೆಲ್ಕೋ ಕಟ್ಟಿತು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ದೊಡ್ಡ ಗಾಲಿಯ ವ್ಯಾಸ 1372 ಮಿಲಿಮೀಟರು. ನಮ್ಮ ಅಟ್ಟದ ಪ್ರಮಾಣ 87ಕ್ಕೆ 1, ಅಂದರೆ ಆ ಗಾಲಿ ಇಲ್ಲಿ ಹದಿನಾರು ಮಿಲಿಮೀಟರಿಗೂ ಸ್ವಲ್ಪ ಕಡಿಮೆ, ಹಳೆಯ ಹತ್ತು ಪೈಸೆಗಿಂತ ಚಿಕ್ಕದು. ಹಿತ್ತಾಳೆ ತಗಡು ಕತ್ತರಿಸಿ, ಬೆಸೆದು, ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗಳಿಗೆಂದು ಮಾಡಿದ 12 ಮಿಲಿಮೀಟರು ಅಗಲದ ಹಳಿಯ ಮೇಲೆ ಅದನ್ನು ನಿಲ್ಲಿಸಿದ್ದಾಯಿತು. ಆ ಹಳಿ ನಮ್ಮ ಮೀಟರ್‌ಗೇಜಿಗೆ ಹೆಚ್ಚುಕಡಿಮೆ ಸರಿಯಾಗುತ್ತದೆ, ಏಕೆಂದರೆ ಸಾವಿರ ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ.

ಕಷ್ಟ ಬಂದದ್ದು ಗಾಲಿಯಲ್ಲಲ್ಲ, ಬಾಯ್ಲರಿನಲ್ಲೂ ಅಲ್ಲ. ಎಂಜಿನ್ನಿಗೂ ಅದರ ಹಿಂದಿನ ಟೆಂಡರಿಗೂ ನಡುವಿನ ನಾಲ್ಕು ಮಿಲಿಮೀಟರು ಸಂದಿನಲ್ಲಿ.

ಟೆಂಡರು ಎಂದರೆ ಕಲ್ಲಿದ್ದಲು, ನೀರು ಹೊತ್ತು ಎಂಜಿನ್ನಿನ ಹಿಂದೆಯೇ ಬರುವ ಗಾಡಿ. ಮಾದರಿಯಲ್ಲಿ ಮೋಟಾರು ಎಂಜಿನ್ನಿನ ಹೊಟ್ಟೆಯಲ್ಲಿರುತ್ತದೆ. ಅದಕ್ಕೆ ಹೇಳಿಕೆ ಕೊಡುವ ಡಿಕೋಡರ್ ಎಂಬ ಬೆರಳುಗುರಿನಷ್ಟು ಹಲಗೆಗೂ ಸ್ಪೀಕರಿಗೂ ಅಲ್ಲಿ ಜಾಗವಿಲ್ಲದ್ದರಿಂದ ಅವು ಟೆಂಡರಿನಲ್ಲಿ ಕೂರುತ್ತವೆ. ಹಾಗಾಗಿ ಎರಡರ ನಡುವೆ ಆರು ತಂತಿ ಹಾಯಬೇಕು. ಎಂಜಿನ್ನಿನ ಗಾಲಿಗಳಿಂದ ಬಲಹಳಿಯ ಕರೆಂಟು ಒಂದು, ಎಡಹಳಿಯದೊಂದು, ಮೋಟಾರಿಗೆ ಎರಡು, ಮುಂದೀಪಕ್ಕೆ ಎರಡು. ತಂತಿಗಳನ್ನು ಸುಮ್ಮನೆ ಬೆಸೆದುಬಿಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಮಾಡಿದೆ. ಎರಡನೆಯ ಸಲ ಎಂಜಿನ್ನನ್ನು ಡಬ್ಬಿಗೆ ಹಾಕುವಾಗ ಮೂರು ತಂತಿ ಕಿತ್ತುಬಂದವು.

'ಎಂಜಿನ್ನು ಬೇರೆ, ಟೆಂಡರು ಬೇರೆ ಆಗ್ಬೇಕು' ಎಂದರು ಮಾವ. 'ಆಗ್ಲಿಲ್ಲ ಅಂದ್ರೆ ರಿಪೇರಿ ಮಾಡೋದು ಹೆಂಗೆ?'

ನಿಜವಾದ ವೈಪಿಯಲ್ಲಿ ಈ ಸಂದು ಹೇಗಿತ್ತು ಎಂದು ಅವರು ಬಾಯಲ್ಲೇ ಚಿತ್ರ ಬರೆದು ತೋರಿಸಿದರು. ಎಳೆಯಲು ಒಂದು ದಪ್ಪ ಕಬ್ಬಿಣದ ಸರಳು, ಅದರ ಎರಡು ತುದಿಗೂ ಪಿನ್ನು. ಅದು ತುಂಡಾದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ಬೇರೆ ಕೊಂಡಿಗಳು. ಟೆಂಡರಿನ ನೀರು ಎಂಜಿನ್ನಿಗೆ ಹೋಗಲು ಬಾಗುವ ಹೋಸು, ಬ್ರೇಕಿಗೆ ಇನ್ನೊಂದು ಹೋಸು. ಇವೆಲ್ಲದರ ಮೇಲೆ ಫೈರ್‌ಮನ್ ಕಾಲಿಡಲು ಒಂದು ಕಬ್ಬಿಣದ ಹಲಗೆ. ಓಡುವಾಗ ಅದು ಕಾಲಡಿಯಲ್ಲಿ ಸರಿದಾಡುತ್ತಿರುತ್ತದೆ. 'ತಿರುವಿನಲ್ಲಿ ಒಂದು ಕಾಲು ಎಂಜಿನ್ನಿನ ಮೇಲೆ, ಇನ್ನೊಂದು ಟೆಂಡರಿನ ಮೇಲೆ ಇಟ್ಕೊಂಡು ನಿಂತೋರಿಗೇ ಗೊತ್ತು, ಅವೆರಡೂ ಒಂದೇ ಗಾಡಿ ಅಲ್ಲ ಅಂತ.' ಒಂದೊಂದು ಜೋಡಣೆಗೂ ಒಂದೊಂದು ಕೆಲಸ, ಒಂದೊಂದು ಬಿಚ್ಚುವ ರೀತಿ. ಸರಳು ವರ್ಷಕ್ಕೊಮ್ಮೆ ಬಿಚ್ಚಿದರೆ ಹೆಚ್ಚು. ಗಾಡಿಗಾಡಿಯ ನಡುವಿನ ಹೋಸನ್ನು ದಿನಕ್ಕೆ ಹತ್ತು ಸಲ ಬಿಚ್ಚಬೇಕು. ಎರಡನ್ನೂ ಒಂದೇ ತರಹ ಮಾಡಿದವನು ದಡ್ಡ.

ಆ ಮಾತು ಕೇಳಿದ ಮೇಲೆ ನಾನು ಕನೆಕ್ಟರು ಹುಡುಕುವುದನ್ನು ಒಂದು ವಾರ ನಿಲ್ಲಿಸಿ ಓದಲು ಕೂತೆ. ಓದಿದಷ್ಟೂ ಅನ್ನಿಸಿದ್ದು, ರೈಲಿನ ಚರಿತ್ರೆಯನ್ನು ನಾವು ಎಂಜಿನ್ನಿನ ಚರಿತ್ರೆ ಎಂದು ಓದುತ್ತೇವೆ, ಆದರೆ ಜಗಳವೆಲ್ಲ ನಡೆದಿರುವುದು ಜೋಡಣೆಯ ಮೇಲೆ.

ಇಂಗ್ಲೆಂಡಿನಲ್ಲಿ 1840ರ ದಶಕದಲ್ಲಿ ಒಂದು ಕಂಪನಿಯ ಹಳಿ ಏಳಡಿ ಅಗಲ, ಉಳಿದವರದ್ದು ನಾಲ್ಕಡಿ ಎಂಟೂವರೆ ಅಂಗುಲ. ಎರಡೂ ಸೇರುವ ಗ್ಲಾಸ್ಟರ್ ಸ್ಟೇಷನ್ನಿನಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೆ ಹೇರಬೇಕಿತ್ತು. ಆ ರಂಪ 1846ರ ಗೇಜು ಕಾಯಿದೆಯವರೆಗೂ ಹೋಯಿತು. ಅದನ್ನೆಲ್ಲ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿ ಹತ್ತಿರದಿಂದ ಕಂಡಿದ್ದ ಡಾಲ್‌ಹೌಸಿ ಮುಂದೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದಾಗ, ಹಿಂದೂಸ್ಥಾನಕ್ಕೆಲ್ಲ ಒಂದೇ ಅಗಲ ಇರಬೇಕು ಎಂದು ಪಟ್ಟು ಹಿಡಿದರು. ಐದೂವರೆ ಅಡಿ ನಿಶ್ಚಯವಾಯಿತು. ಇಪ್ಪತ್ತು ವರ್ಷ ಕಳೆಯಲಿಲ್ಲ, ಖರ್ಚು ಹೆಚ್ಚಾಯಿತೆಂದು 1870ರಲ್ಲಿ ಮೇಯೋ ಕಾಲದ ಸರ್ಕಾರ ಕಿರಿಯ ಅಗಲವೊಂದನ್ನು ಹುಡುಕಿತು. ದೇಶ ಮೆಟ್ರಿಕ್ ಅಳತೆಗೆ ಬರುತ್ತದೆ ಎಂದು ಆಗ ಲೆಕ್ಕ ಹಾಕಿದ್ದರಿಂದ ಅದು ಸರಿಯಾಗಿ ಒಂದು ಮೀಟರ್ ಆಯಿತು. ಮೆಟ್ರಿಕ್ ಅಳತೆ ಬರಲು ಮತ್ತೆ ಎಂಬತ್ತು ಚಿಲ್ಲರೆ ವರ್ಷ ಬೇಕಾಯಿತು. ಮೀಟರ್‌ಗೇಜು ಮಾತ್ರ ಅಡಿ ಅಂಗುಲಗಳ ದೇಶದಲ್ಲಿ ಒಂಟಿಯಾಗಿ ನಿಂತಿತು. ಎಂದೋ ಬರಬಹುದಾದ ಸಾಕೆಟ್ಟಿಗೆ ಇಂದೇ ಪ್ಲಗ್ಗು ಕೊಂಡ ಹಾಗೆ.

ಮೈಸೂರು ಸಂಸ್ಥಾನದ ದೊಡ್ಡ ಮಾರ್ಗಗಳೆಲ್ಲ ಹೆಚ್ಚಾಗಿ ಆ ಮೀಟರ್ ಅಗಲದವೇ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ಹಳಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು 1889ರಲ್ಲಿ ಹರಿಹರ ಮುಟ್ಟಿತು. ಬೀರೂರು–ಶಿವಮೊಗ್ಗ ಕವಲು 1899ರದು. ಅಲ್ಲಿಯವರೆಗೆ ಈ ಸೀಮೆಯಲ್ಲಿ ಎಳೆಯುವ ಶಕ್ತಿ ಎಂದರೆ ಅಮೃತಮಹಲ್ ಎತ್ತು. ಹೈದರ್, ಟಿಪ್ಪುವಿನ ತೋಪುಗಳನ್ನು ಎಳೆದ ತಳಿ ಅದು. ಇಂದಿಗೂ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ. ನೊಗಕ್ಕೆ ಹಗ್ಗ ಕಟ್ಟುವ ಜೋಡಣೆಗೆ ಗೇಜಿನ ತಂಟೆಯಿಲ್ಲ ಎಂದು ಮಾವ ಆಗಾಗ ಹೇಳುತ್ತಾರೆ. ಅವರ ಹಳೆಯ ಹಾಸ್ಯ ಅದು.

ತರೀಕೆರೆಯ ಕಥೆ ಇನ್ನೂ ಸ್ವಾರಸ್ಯ. ಆ ಊರಿನ ಹೆಸರು ಹೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಏರಿಯ ಮೇಲಿನ ಕುರಿಮರಿಗಳೂ ತೊದಲುವ ನಾಲಿಗೆಯೂ ನೆನಪಾಗುತ್ತವೆ. ಆದರೆ ರೈಲಿನ ಹುಚ್ಚಿರುವವರಿಗೆ ನೆನಪಾಗುವುದು ಅಲ್ಲಿಂದ ನರಸಿಂಹರಾಜಪುರಕ್ಕೆ, ಹಿಂದಿನ ಎಡೇಹಳ್ಳಿಗೆ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಹಾಕಿದ ಪುಟ್ಟ ಹಳಿ. ಅಗಲ ಎರಡೇ ಅಡಿ. ಉದ್ದ ಸುಮಾರು 27 ಮೈಲಿ. ಮಲೆನಾಡಿನ ಕಾಡು, ತೋಟಗಳ ನಡುವೆ ತಿರುಗಿ ಹೋಗಲು ಅಷ್ಟು ಕಿರಿದಾದ ಹಳಿಯೇ ಸರಿ. ತಿರುವು ಚಿಕ್ಕದಾಗಬಹುದು, ಕಡಿತ ಕಡಿಮೆ, ಖರ್ಚೂ ಕಡಿಮೆ. ತರೀಕೆರೆಗೆ ಬಂದು ನಿಂತ ಮೇಲೆಯೇ ತೊಂದರೆ. ಎರಡಡಿ ಹಳಿಯ ವ್ಯಾಗನ್ನು ಮೀಟರ್ ಹಳಿಯ ಮೇಲೆ ಹೋಗುವಂತಿಲ್ಲ. ಮರವಾಗಲಿ, ಮೂಟೆಯಾಗಲಿ, ಇಲ್ಲಿಂದ ಇಳಿಸಿ ಅಲ್ಲಿಗೆ ಹೇರಬೇಕು. ಹಾಗೆ ನೋಡಿದರೆ ಆ ಎರಡು ರೈಲುಗಳ ನಡುವಿನ ಕನೆಕ್ಟರು ಹಮಾಲರ ಹೆಗಲು.

ನಮ್ಮ ಅಟ್ಟದ ಹಲಗೆಯ ಮೇಲೂ ಇದೇ ಆಯಿತು. ಎರಡಡಿ ಎಂದರೆ 610 ಮಿಲಿಮೀಟರು, ಅದು 87ರಿಂದ ಭಾಗಿಸಿದರೆ ಏಳು. ಏಳು ಮಿಲಿಮೀಟರಿನ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಆರೂವರೆಯದು ಸಿಗುತ್ತದೆ, ಒಂಬತ್ತರದು ಧಾರಾಳವಾಗಿ ಸಿಗುತ್ತದೆ. ಕೊನೆಗೆ ನಾನು ಒಂದು ಮೊಳ ಉದ್ದ ಹಳಿಯನ್ನು ಕೈಯಲ್ಲೇ ಮಾಡಿ, ಕಟ್ಟೆಯೊಂದರ ಪಕ್ಕ ನಿಲ್ಲಿಸಿ, ಗೋಣಿಬಟ್ಟೆಯ ಚೂರಿನಲ್ಲಿ ಮೂಟೆ ಹೊಲಿದು ಇಟ್ಟೆ. ಅದರ ಮೇಲೆ ಯಾವ ಎಂಜಿನ್ನೂ ಓಡುವುದಿಲ್ಲ. ನಿಜವಾದ ತರೀಕೆರೆಯಲ್ಲೂ ಆ ಹಳಿ ಈಗಿಲ್ಲ.

ಇನ್ನು ಆಟದ ರೈಲಿನವರ ಚರಿತ್ರೆ. ಇವರು ದೊಡ್ಡ ರೈಲಿನ ತಪ್ಪನ್ನು ನೋಡಿ ಬೇಗ ಬುದ್ಧಿ ಕಲಿತರು ಎನ್ನಬೇಕು, ಎಲ್ಲರೂ ಅಲ್ಲದಿದ್ದರೂ. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ತನ್ನ ಆಟದ ರೈಲನ್ನು ಇಟ್ಟಾಗ ಹೊಸತೆನಿಸಿದ್ದು ಎಂಜಿನ್ನಲ್ಲ, ಗೊತ್ತುಮಾಡಿದ ಹಳಿಯ ಅಗಲಗಳು. ಈ ವರ್ಷ ಒಂದು ಸುತ್ತು ಹಳಿ ಕೊಂಡವನು ಮುಂದಿನ ವರ್ಷ ಇನ್ನೊಂದು ತುಂಡು ಕೊಂಡು ಸೇರಿಸಬಹುದು. ವ್ಯಾಪಾರದ ಗುಟ್ಟು ಅಲ್ಲಿತ್ತು. 1935ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹವ್ಯಾಸಿಗಳು ಸೇರಿ ರಾಷ್ಟ್ರೀಯ ಮಾದರಿ ರೈಲು ಸಂಘ ಕಟ್ಟಿದರು. 1954ರಲ್ಲಿ ಯೂರೋಪಿನವರು ಮೋರಾಪ್ ಎಂಬ ಒಕ್ಕೂಟ ಮಾಡಿಕೊಂಡರು. ಎರಡೂ ಕಡೆಯವರ ಮುಖ್ಯ ಕೆಲಸ ಒಂದೇ: ಒಬ್ಬನ ಗಾಡಿ ಇನ್ನೊಬ್ಬನ ಮನೆಯಲ್ಲಿ ಓಡುವಂತೆ ಅಳತೆ ಬರೆದಿಡುವುದು.

ಆದರೆ ಹಳಿಯ ಮೇಲೆ, ಕೊಂಡಿಯ ಮೇಲೆ ತೋರಿದ ಈ ಶ್ರದ್ಧೆಯನ್ನು ಎಂಜಿನ್ನಿನ ಒಳಗಿನ ತಂತಿಯ ಮೇಲೆ ಬಹಳ ಕಾಲ ಯಾರೂ ತೋರಲಿಲ್ಲ, ತೋರುವ ಅಗತ್ಯವೂ ಇರಲಿಲ್ಲ. ಹಳಿಯಿಂದ ಮೋಟಾರಿಗೆ ಎರಡು ತಂತಿ, ಕಥೆ ಮುಗಿಯಿತು. ಹಳೆಯ ಹಿತ್ತಾಳೆ ಮಾದರಿಗಳಲ್ಲಿ ಅದೂ ಇರುತ್ತಿರಲಿಲ್ಲ. ಎಂಜಿನ್ನಿನ ಗಾಲಿ ಒಂದು ಹಳಿಯಿಂದ, ಟೆಂಡರಿನ ಗಾಲಿ ಇನ್ನೊಂದು ಹಳಿಯಿಂದ ಕರೆಂಟು ಹೀರುವುದು, ನಡುವಿನ ಎಳೆಯುವ ಸರಳೇ ತಂತಿಯ ಕೆಲಸವನ್ನೂ ಮಾಡುವುದು. ಎಷ್ಟು ಚೆಂದದ ಯೋಚನೆ! ಪಿನ್ನಿಗೆ ಒಂದು ತೊಟ್ಟು ಎಣ್ಣೆ ತಾಗಿತೋ, ಗಾಡಿ ನಿಂತಿತು.

ದೊಡ್ಡ ರೈಲಿನಲ್ಲಿ ಹಲವು ತಂತಿಯ ಪ್ಲಗ್ಗು ಬಂದದ್ದು ಫ್ರಾಂಕ್ ಸ್ಪ್ರೇಗ್ ಎಂಬ ಅಮೆರಿಕನ್ ಎಂಜಿನಿಯರನಿಂದ. 1897ರ ಸುಮಾರಿಗೆ ಶಿಕಾಗೊದ ಎತ್ತರದ ರೈಲಿನಲ್ಲಿ ಅವನು ಗಾಡಿಗಾಡಿಯ ನಡುವೆ ಜಂಪರ್ ಕೇಬಲ್ ಹಾಕಿ, ಮುಂದಿನ ಗಾಡಿಯ ಒಂದೇ ಹಿಡಿಯಿಂದ ಎಲ್ಲ ಗಾಡಿಗಳ ಮೋಟಾರುಗಳನ್ನೂ ಆಳಿದ. ನಮ್ಮ ಕಡೆ ಮೀಟರ್‌ಗೇಜಿಗೆ 1960ರ ದಶಕದಲ್ಲಿ ಬಂದ ವೈಡಿಎಂ-4 ಡೀಸೆಲ್ಲುಗಳನ್ನು ಎರಡೆರಡು ಜೋಡಿಸಿ ಒಬ್ಬರೇ ಡ್ರೈವರು ಓಡಿಸುತ್ತಿದ್ದುದು ಇದೇ ವಿದ್ಯೆಯಿಂದ. ಮಾವನಿಗೆ ಡೀಸೆಲ್ಲಿನ ಮೇಲೆ ಅಷ್ಟಕ್ಕಷ್ಟೆ. ಆದರೂ ಜಂಪರಿನ ವಿಷಯ ಬಂದರೆ ಮಾತು ಮೃದುವಾಗುತ್ತದೆ. ಬೋಗಿಗಳ ದೀಪಕ್ಕೆ ಕೆಳಗೆ ಬೆಲ್ಟಿನ ಡೈನಮೊ, ಬ್ಯಾಟರಿ ಇರುತ್ತಿದ್ದವಲ್ಲ, ಒಂದು ಬೋಗಿಯದು ಕೈಕೊಟ್ಟರೆ ಪಕ್ಕದ ಬೋಗಿಯಿಂದ ತಂತಿ ಎಳೆದು ದೀಪ ಹೊತ್ತಿಸಬಹುದಿತ್ತು. 'ನೆಂಟರ ಮನೆಯಿಂದ ಸಾಲ ತಂದ ಹಂಗೆ' ಎನ್ನುತ್ತಾರೆ.

ಆಟದ ರೈಲಿಗೆ ಆ ಗಳಿಗೆ ಬಂದದ್ದು 1980ರ ದಶಕದ ಕೊನೆಗೆ. ಜರ್ಮನಿಯ ಬೆರ್ಂಡ್ ಲೆಂಟ್ಸ್ ರೂಪಿಸಿದ ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲೇ ಕರೆಂಟೂ ಹರಿಯುತ್ತದೆ, ಆಜ್ಞೆಯೂ ಹರಿಯುತ್ತದೆ. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ಒಳಗಿನ ಡಿಕೋಡರ್ ತನ್ನ ಸಂಖ್ಯೆ ಕೇಳಿದಾಗ ಮಾತ್ರ ಓಗೊಡುತ್ತದೆ. ಅಮೆರಿಕದ ಸಂಘ 1990ರ ದಶಕದಲ್ಲಿ ಇದನ್ನೇ ತನ್ನ ಮಾನಕವಾಗಿ ಒಪ್ಪಿತು. ಎರಡು ತಂತಿಯ ಜಾಗದಲ್ಲಿ ಏಳೆಂಟು ತಂತಿ ಬಂದು ಕೂತವು. ಯಾವುದು ಯಾವುದೆಂದು ತಿಳಿಯಲು ಬಣ್ಣ ಗೊತ್ತಾಯಿತು: ಬಲಹಳಿಗೆ ಕೆಂಪು, ಎಡಹಳಿಗೆ ಕಪ್ಪು, ಮೋಟಾರಿಗೆ ಕಿತ್ತಳೆ ಮತ್ತು ಬೂದು, ಮುಂದೀಪಕ್ಕೆ ಬಿಳಿ, ಹಿಂದೀಪಕ್ಕೆ ಹಳದಿ, ಎಲ್ಲ ದೀಪಗಳಿಗೂ ಸೇರಿದ ಒಂದು ನೀಲಿ, ಇನ್ನೇನಾದರೂ ಬೇಕಾದರೆ ಹಸಿರು. ಇವನ್ನು ಎಂಜಿನ್ನಿಗೆ ಸಿಕ್ಕಿಸಲು ಆರು ಸೂಜಿಯದು, ಎಂಟು ಸೂಜಿಯದು, ಆಮೇಲೆ ಇಪ್ಪತ್ತೊಂದರದು, ಹದಿನೆಂಟರದು ಎಂದು ಕನೆಕ್ಟರುಗಳ ಒಂದು ಸಂತತಿಯೇ ಹುಟ್ಟಿತು.

ಈ ಸಂತತಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹಿರಿಯದಾದ ಎಂಟು ಸೂಜಿಯದು. ನಾಲ್ಕು ನಾಲ್ಕು ಸೂಜಿಯ ಎರಡು ಸಾಲು, ಸೂಜಿಯಿಂದ ಸೂಜಿಗೆ 2.54 ಮಿಲಿಮೀಟರು. ಅಂದರೆ ಒಂದು ಅಂಗುಲದ ಹತ್ತನೆಯ ಒಂದು ಭಾಗ. ಇಲ್ಲೂ ಅಂಗುಲ ಬಿಟ್ಟುಹೋಗಿಲ್ಲ. ಇದನ್ನು ಯೋಚಿಸಿದವರು ಬಹಳ ಅನುಭವಸ್ಥರು. ಕತ್ತಲಲ್ಲೋ ಅವಸರದಲ್ಲೋ ಇದನ್ನು ತಿರುಗುಮುರುಗು ಸಿಕ್ಕಿಸುವವರು ಇದ್ದೇ ಇರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ತಂತಿಗಳನ್ನು ಹೇಗೆ ಜೋಡಿಸಿದರೆಂದರೆ, ಪ್ಲಗ್ಗನ್ನು ಅರ್ಧ ಸುತ್ತು ತಿರುಗಿಸಿದರೆ ಕೆಂಪಿನ ಜಾಗಕ್ಕೆ ಕಪ್ಪು, ಕಿತ್ತಳೆಯ ಜಾಗಕ್ಕೆ ಬೂದು ಬರುತ್ತದೆ. ಹಳಿಯ ಎರಡು ತಂತಿ ಅದಲುಬದಲಾದರೆ ಡಿಕೋಡರಿಗೆ ಏನೂ ಆಗುವುದಿಲ್ಲ. ಮೋಟಾರಿನದು ಬದಲಾದರೆ ಎಂಜಿನ್ನು ಹಿಂದಕ್ಕೆ ಓಡುತ್ತದೆ. ದೀಪ ಹೊತ್ತುವುದಿಲ್ಲ. ಅಷ್ಟೆ. ಯಾವುದೂ ಸುಡುವುದಿಲ್ಲ. ತಪ್ಪಾಗಿದೆ ಎಂದು ಎಂಜಿನ್ನೇ ಹೇಳುತ್ತದೆ, ಹೊಗೆಯಾಡದೆ.

ನಾನು ಮೊದಲು ಕೊಂಡದ್ದು ಅದನ್ನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಅಲೆದೆ. ಅಲ್ಲಿ ಕನೆಕ್ಟರು ಎಂದರೆ ಮೊದಲು ಕೈಗೆ ಬರುವುದು ರೆಲಿಮೇಟು. ಬಿಳಿಯ ಪ್ಲಾಸ್ಟಿಕ್ಕು, ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಗಟ್ಟಿ, ಅಗ್ಗ. ಆದರೆ ಆರು ಸೂಜಿಯದರ ಅಗಲ ಹದಿನೈದು ಮಿಲಿಮೀಟರು ಮೀರುತ್ತದೆ. ನಮ್ಮ ಟೆಂಡರಿನ ಗಾಲಿಗಳ ನಡುವೆ ಇರುವ ಜಾಗ ಹತ್ತು. ಎರಡನೆಯದು ಜಪಾನಿನ ಜೆಎಸ್‌ಟಿ ಬಗೆಯದು, ಸೂಜಿಯಿಂದ ಸೂಜಿಗೆ ಒಂದೇ ಮಿಲಿಮೀಟರು. ಒಂದು ಸೂಜಿ ಒಂದು ಆಂಪಿಯರ್ ತಡೆಯುತ್ತದೆ. ನಮ್ಮ ಮೋಟಾರು ಓಡುವಾಗ ಅದರ ಕಾಲುಭಾಗವನ್ನೂ ಎಳೆಯುವುದಿಲ್ಲ. ಜಾಗಕ್ಕೂ ಹೊಂದಿತು. ತಿರುಗುಮುರುಗು ಹಾಕಲು ಬರುವುದಿಲ್ಲ. ಇದೇ ಸರಿ ಎಂದು ಮನೆಗೆ ತಂದೆ.

ಮಾವ ಅದನ್ನು ಕೈಗೆ ತೆಗೆದುಕೊಂಡು ಬಿಚ್ಚಲು ನೋಡಿದರು. ಉಗುರಿಗೆ ಸಿಗಲಿಲ್ಲ. ಕನ್ನಡಕ ಏರಿಸಿ ಮತ್ತೆ ನೋಡಿದರು. ಕೊನೆಗೆ ತಂತಿ ಹಿಡಿದು ಎಳೆಯಲು ಹೋಗಿ, ಅರ್ಧದಲ್ಲೇ ಬಿಟ್ಟು, 'ಹೋಸ್ ಹಿಡ್ದು ಎಳೀಬಾರ್ದು, ತಲೆ ಹಿಡ್ದು ಬಿಚ್ಬೇಕು. ಇದಕ್ಕೆ ತಲೇನೇ ಇಲ್ವಲ್ಲೋ' ಎಂದರು. ಆ ಬಗೆಯ ಕನೆಕ್ಟರು ಇರುವುದು ಫ್ಯಾಕ್ಟರಿಯಲ್ಲಿ ಒಮ್ಮೆ ಸಿಕ್ಕಿಸಿ ಮರೆತುಬಿಡಲು. ವಾರಕ್ಕೊಮ್ಮೆ ಬಿಚ್ಚಿ ಹಾಕುವ ಕೈಗೆ ಅದು ಆಗಿಬರುವುದಿಲ್ಲ. ನಾನು ಜಾಗ ಅಳೆದಿದ್ದೆ, ಕರೆಂಟು ಅಳೆದಿದ್ದೆ, ಬಿಚ್ಚುವವರ ಬೆರಳನ್ನು ಅಳೆದಿರಲಿಲ್ಲ.

ಆಗ ಎಂಟು ಸೂಜಿಯದಕ್ಕೆ ಮರಳಿದೆ. ಎಸ್.ಪಿ. ರಸ್ತೆಯಲ್ಲಿ ಇದಕ್ಕೆ ಬೇರೆ ಹೆಸರೇ ಬೇಕಿಲ್ಲ. ರೌಂಡ್ ಪಿನ್ನಿನ ಐಸಿ ಸಾಕೆಟ್ಟಿನ ಪಟ್ಟಿ ಕೊಂಡು, ನಾಲ್ಕು ನಾಲ್ಕಾಗಿ ಮುರಿದು, ಎರಡು ಸಾಲು ಅಂಟಿಸಿದರೆ ಆಯಿತು. ಚೌಕ ಸೂಜಿಯ ಬರ್ಗ್ ಸ್ಟ್ರಿಪ್ಪು ಇನ್ನೂ ಅಗ್ಗ, ಆದರೆ ಅದು ಎತ್ತರ ಹೆಚ್ಚು, ಬಿಗಿಯೂ ಹೆಚ್ಚು. ದುಂಡು ಸೂಜಿ ನಯವಾಗಿ ಬರುತ್ತದೆ. ಕೊಳ್ಳುವಾಗ ಎರಡೂ ಅರ್ಧಕ್ಕೆ ಚಿನ್ನದ ಲೇಪ ಇರುವುದನ್ನೇ ಕೊಳ್ಳಬೇಕು. ಒಂದಕ್ಕೆ ಚಿನ್ನ, ಇನ್ನೊಂದಕ್ಕೆ ತವರ ಎಂದು ಬೆರೆಸಿದರೆ ಓಡಾಟದ ಅದುರಿಗೆ ತವರ ಉಜ್ಜಿ ಕಿಲುಬು ಕಟ್ಟುತ್ತದೆ. ತರೀಕೆರೆ ಕಡೆಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಸೂಜಿಯ ಅಗಲ ಹತ್ತು ಮಿಲಿಮೀಟರು. ಟೆಂಡರಿನ ತಳಕ್ಕೆ ಅಳೆದು ಮಾಡಿಸಿದಂತೆ ಕೂತಿತು. ತಲೆಯ ಭಾಗಕ್ಕೆ ಹಿಡಿಯಲು ಪ್ಲಾಸ್ಟಿಕ್ಕಿನ ಸಣ್ಣ ಕಿವಿ ಅಂಟಿಸಿದೆ. ಒಂದು ಸೂಜಿಯಷ್ಟು ಪಕ್ಕಕ್ಕೆ ಸರಿದು ಸಿಕ್ಕದಂತೆ ಸುತ್ತ ಗೋಡೆ ಕಟ್ಟಿದೆ. ಆರು ತಂತಿ ಬೆಸೆದೆ, ಎರಡು ಸೂಜಿ ಖಾಲಿ. ತಿರುಗುಮುರುಗಾದರೂ ಚಿಂತೆಯಿಲ್ಲ ಎಂಬ ಧೈರ್ಯ ಬೇರೆ.

ಭಾನುವಾರ ಮಾವನ ಕೈಗೆ ಕೊಟ್ಟೆ. ಅವರು ಸಿಕ್ಕಿಸಿದರು. ಕರೆಂಟು ಕೊಟ್ಟ ಕ್ಷಣಕ್ಕೆ ಕಂಟ್ರೋಲು ಪೆಟ್ಟಿಗೆ ಕೀ ಎಂದು ಕೂಗಿ ಆರಿತು. ಮತ್ತೆ ಕೊಟ್ಟರೆ ಮತ್ತೆ ಕೂಗು. ಪ್ಲಗ್ಗು ತಿರುಗುಮುರುಗಾಗಿತ್ತು. ಏನೂ ಆಗಬಾರದು ಎಂದು ಬರೆದಿಟ್ಟವರು ಸುಳ್ಳು ಹೇಳಿದರೇ?

ಸುಳ್ಳಲ್ಲ, ದಡ್ಡತನ ನನ್ನದು. ಆ ಮೂಲ ವ್ಯವಸ್ಥೆಯಲ್ಲಿ ಹಳಿಯ ಕರೆಂಟೆಲ್ಲ ಪ್ಲಗ್ಗಿನ ಒಂದೇ ಕಡೆಯಿಂದ ಬರುತ್ತದೆ. ನಾನು ಜಾಣತನ ಮಾಡಿ ಎಂಜಿನ್ನಿನ ಗಾಲಿಗಳಿಂದಲೂ ಕರೆಂಟು ತೆಗೆದಿದ್ದೆ, ಟೆಂಡರಿನ ಎಂಟು ಗಾಲಿಗಳಿಂದಲೂ ತೆಗೆದಿದ್ದೆ. ಪ್ಲಗ್ಗು ತಿರುಗಿದಾಗ ಎಂಜಿನ್ನಿನ ಬಲಗಾಲಿ ಟೆಂಡರಿನ ಎಡಗಾಲಿಗೆ ಸೇರಿತು, ಎರಡು ಹಳಿಗೂ ನೇರ ಶಾರ್ಟು. ಪೆಟ್ಟಿಗೆಯಲ್ಲಿ ತಡೆ ಇಲ್ಲದಿದ್ದರೆ ಆ ಕೂದಲಿನಂಥ ತಂತಿಗಳು ಕೆಂಪಗಾಗುತ್ತಿದ್ದವು.

'ಹೋಸ್ ಬಿಚ್ಚಿದ್ರೆ ಬ್ರೇಕ್ ಬೀಳ್ಬೇಕು' ಎಂದರು ಮಾವ, ನನ್ನ ವಿವರಣೆಯೆಲ್ಲ ಕೇಳಿ. 'ಬಿಚ್ಚಿದ್ರೆ ಬ್ರೇಕ್ ಬಿಡೋ ಹಂಗೆ ಮಾಡಿದ್ದೀಯ ನೀನು.'

ಅವರ ಆ ಒಂದು ಮಾತಿನ ಹಿಂದೆ ದೊಡ್ಡ ದುಃಖದ ಚರಿತ್ರೆಯಿದೆ. ನಮ್ಮ ಕಡೆಯ ಹಳಿ ಹರಿಹರ ಮುಟ್ಟಿದ ಅದೇ 1889ರಲ್ಲಿ, ಜೂನ್ 12ರಂದು, ಐರ್ಲೆಂಡಿನ ಆರ್ಮಾ ಎಂಬಲ್ಲಿ ಮಕ್ಕಳನ್ನು ವಿಹಾರಕ್ಕೆ ಕರೆದೊಯ್ಯುತ್ತಿದ್ದ ರೈಲು ಏರಿನಲ್ಲಿ ನಿಂತುಹೋಯಿತು. ಗಾಡಿಯನ್ನು ಎರಡು ಮಾಡಿ ಮುಂದಿನರ್ಧವನ್ನು ಮೊದಲು ಒಯ್ಯೋಣ ಎಂದುಕೊಂಡು ಜೋಡಣೆ ಬಿಚ್ಚಿದರು. ಅದರಲ್ಲಿದ್ದ ನಿರ್ವಾತದ ಬ್ರೇಕು ಎಂಜಿನ್ನಿಗೆ ಸೇರಿದ್ದಾಗ ಮಾತ್ರ ಹಿಡಿಯುವಂಥದು. ಹೋಸು ಬಿಚ್ಚಿದ್ದೇ ಹಿಂದಿನ ಬೋಗಿಗಳ ಬ್ರೇಕು ಹೋಯಿತು. ಅವು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಹಿಂದೆ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು, ಬಹಳಷ್ಟು ಮಕ್ಕಳು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆ ಮಾಡಿ ಪ್ಯಾಸೆಂಜರು ಗಾಡಿಗಳಿಗೆ ಸ್ವಯಂಚಾಲಿತ ಬ್ರೇಕು ಕಡ್ಡಾಯ ಮಾಡಿತು. ಅದರಲ್ಲಿ ಲೆಕ್ಕ ಉಲ್ಟಾ. ನಿರ್ವಾತ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಹೋಸು ಕಿತ್ತುಬಂದರೆ, ತೂತಾದರೆ, ಯಾರಾದರೂ ಸರಪಳಿ ಎಳೆದರೆ, ಗಾಳಿ ನುಗ್ಗಿ ಪ್ರತಿ ಬೋಗಿಯಲ್ಲೂ ಬ್ರೇಕು ತಾನಾಗಿ ಬೀಳುತ್ತದೆ. ಮಾವ ಕೆಲಸ ಮಾಡಿದ ಮೀಟರ್‌ಗೇಜಿನಲ್ಲಿ ಇದ್ದದ್ದು ಈ ಬ್ರೇಕು. ಹೋಸಿನ ತಲೆಗಳೂ ಹಾಗೆಯೇ. ಗಂಡು ಹೆಣ್ಣು ಎಂದಿಲ್ಲ, ಎರಡೂ ಒಂದೇ ರೂಪ. ಬೋಗಿಯನ್ನು ಯಾವ ಕಡೆಗೆ ತಿರುಗಿಸಿ ತಂದರೂ ತಲೆಗೆ ತಲೆ ಕೂಡುತ್ತದೆ.

ಆ ರಾತ್ರಿ ಎಂಜಿನ್ನಿನ ಗಾಲಿಗಳಿಗೆ ಕಷ್ಟಪಟ್ಟು ಹಾಕಿದ್ದ ಕರೆಂಟಿನ ಪಟ್ಟಿಗಳನ್ನೆಲ್ಲ ಕಿತ್ತುಹಾಕಿದೆ. ಮನಸ್ಸಿಗೆ ಬೇಜಾರೇ. ಎಷ್ಟು ಹೆಚ್ಚು ಗಾಲಿಯಿಂದ ಕರೆಂಟು ಬಂದರೆ ಅಷ್ಟು ಚೆನ್ನಾಗಿ ಓಡುತ್ತದೆ ಎಂಬುದು ಈ ಹವ್ಯಾಸದ ಮೊದಲ ಪಾಠ. ಆದರೆ ಟೆಂಡರಿನ ಎಂಟು ಗಾಲಿಯೇ ಸಾಕು. ಹಳಿ ಒರೆಸುವ ಸೋಮಾರಿತನಕ್ಕೆ ಪರಿಹಾರವಾಗಿ ಡಿಕೋಡರಿನ ಪಕ್ಕ ಒಂದು ಕೆಪಾಸಿಟರ್ ಇಟ್ಟೆ. ಈಗ ಸಂದು ದಾಟುವುದು ನಾಲ್ಕೇ ತಂತಿ. ಕಿತ್ತಳೆ, ಬೂದು, ಬಿಳಿ, ನೀಲಿ. ಕೆಂಪು ಕಪ್ಪುಗಳ ಸೂಜಿ ಖಾಲಿ. ಹೇಗೆ ತಿರುಗಿಸಿದರೂ ಎರಡು ಹಳಿ ಒಂದಾಗುವ ದಾರಿ ಈಗ ಆ ಪ್ಲಗ್ಗಿನಲ್ಲಿ ಇಲ್ಲ.

1990ರ ದಶಕದ ಮಧ್ಯದಲ್ಲಿ ಈ ಮಾರ್ಗಗಳೆಲ್ಲ ಬ್ರಾಡ್‌ಗೇಜ್ ಆದವು. ಅಂದಿನ ಕಥೆಯನ್ನು ಮಾವ ಹೆಚ್ಚು ಹೇಳುವುದಿಲ್ಲ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಹಳಿ ಬಂದಾಗ ಅದು ಮೊದಲ ದಿನದಿಂದಲೇ ದೊಡ್ಡ ಅಗಲದ್ದು, ಮೂಟೆ ಇಳಿಸಿ ಹೇರುವ ಮಾತೇ ಇಲ್ಲ. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಅಟ್ಟದ ಮೇಲೆ ದೊಡ್ಡ ಅಗಲವನ್ನು ಕಟ್ಟಬೇಕಾದರೆ ನಮಗೆ ಹತ್ತೊಂಬತ್ತು ಚಿಲ್ಲರೆ ಮಿಲಿಮೀಟರಿನ ಹಳಿ ಬೇಕು. ಅದೂ ಅಂಗಡಿಯಲ್ಲಿ ಸಿಗುವುದಿಲ್ಲ.

ಕಳೆದ ತಿಂಗಳು ಒಂದು ಸಂಜೆ ಮಾವ ತಾವೇ ಅಟ್ಟ ಹತ್ತಿದರು. ನಾನು ಕೆಳಗೆ ಏಣಿ ಹಿಡಿದಿದ್ದೆ. ಡಬ್ಬಿಯಿಂದ ಎಂಜಿನ್ನು ತೆಗೆದು ಹಳಿಯ ಮೇಲಿಟ್ಟು, ಟೆಂಡರು ತಂದು, ಕಿವಿ ಹಿಡಿದು ಪ್ಲಗ್ಗು ಸಿಕ್ಕಿಸಿದರು. ಮೂರನೆಯ ಸಲಕ್ಕೆ ಕೂತಿತು. ಅಜ್ಜಂಪುರದ ಕಡೆ ಮುಖ ಮಾಡಿದ್ದ ಎಂಜಿನ್ನಿಗೆ ಹೊರಡುವ ಆಜ್ಞೆ ಕೊಟ್ಟೆ. ಪೆಟ್ಟಿಗೆ ಕೂಗಲಿಲ್ಲ. ಮುಂದೀಪ ಹೊತ್ತಲೂ ಇಲ್ಲ. ಎಂಜಿನ್ನು ನಿಧಾನವಾಗಿ ಅದುರಿ ಟೆಂಡರನ್ನು ಹಿಂದಕ್ಕೆ ತಳ್ಳುತ್ತ ಬೀರೂರು ಬಿಟ್ಟಿತು.

'ಕಡೂರಿಗೆ ಹೊಂಟೋಯ್ತು' ಎಂದರು ಮಾವ. 'ಹೋಗ್ಲಿ ಬಿಡು. ಅಲ್ಲಿ ನೀರು ತುಂಬಿಸ್ಕೊಂಡು ಬರ್ತದೆ.'